ಎಂಟರೊಳಗೆ ಬಂದರೆ ಹೂಂ

ನಮ್ಮೂರಲ್ಲಿ ಮರಿಬಸಪ್ಪ ಎಂಬ ಮನುಷ್ಯನಿದ್ದಾನೆ. ನೂರಿಪ್ಪತ್ತು ಕುರಿ, ಎರಡು ಬೋರು, ಒಂದು ಬುಲೆಟ್ಟು ಎಲ್ಲ ಇವೆ. ಇಲ್ಲದ್ದು ತೀರ್ಮಾನ ಒಂದೇ. ಹತ್ತಿ ಹಾಕಬೇಕೋ ಶೇಂಗಾ ಹಾಕಬೇಕೋ ಎಂದು ಅವನು ದೇವರ ಮೇಲೆ ಹೂ ಇಡಿಸಿ ಕೇಳುತ್ತಾನೆ. ಬಲಕ್ಕೆ ಬಿದ್ದರೆ ಹತ್ತಿ, ಎಡಕ್ಕೆ ಬಿದ್ದರೆ ಶೇಂಗಾ. ಅದು ಎಲ್ಲರೂ ಮಾಡುವುದೇ. ಆದರೆ ಕಟಿಂಗ್ ಮಾಡಿಸಲು ಇವತ್ತು ಹೋಗಲೋ ನಾಳೆ ಹೋಗಲೋ ಎಂದು ಹೂ ಕೇಳಿದವನು ಈ ಮಂಡಲದಲ್ಲಿ ಅವನೊಬ್ಬನೇ. ಕೊನೆಗೆ ಪೂಜಾರಿ, "ದೇವರಿಗೂ ಬ್ಯಾರೆ ಕೆಲಸ ಇರ್ತಾವಪಾ" ಎಂದು ಹೇಳಿ, ವಾರಕ್ಕೆ ಒಂದೇ ಪ್ರಶ್ನೆ ಎಂದು ರೂಲ್ಸ್ ಮಾಡಿದ.

ಆ ರೂಲ್ಸಿನಿಂದ ಈ ಕಥೆ ಹುಟ್ಟಿತು. ಹುಟ್ಟಿಸಿದವನು ನಾನು.

ನಾನು ಏಕಾಂತಪ್ಪ. ಹೊಳಗುಂದದಿಂದ ಆಟೋದಲ್ಲಿ ಇಪ್ಪತ್ತು ನಿಮಿಷ ಕುಲುಕಿದರೆ ನಮ್ಮೂರು. ಅಲ್ಲಿ ಬಸ್ಸು ನಿಲ್ಲುವ ಕಡೆ ನನ್ನ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟರು ತಂದವರು ಅದು ಸರಿಯಾಗುವ ತನಕ ಬೆಂಚಿನ ಮೇಲೆ ಕೂತಿರುತ್ತಾರೆ. ಕೂತವರಿಗೆ ನಾನು ಏನಾದರೂ ಹೇಳುತ್ತಿರಬೇಕು. ನಾನು ಸುತ್ತಿಕೊಟ್ಟ ಮೋಟರು ಚಿಪ್ಪಗಿರಿಯ ಹತ್ತಿರ ಒಂದು ಒಣಬೋರಿನಲ್ಲಿ ನೀರು ಸಿಗದೆ ಮೂರು ದಿನ ಮಜ್ಜಿಗೆ ಎತ್ತಿತು ಎಂದು ಹೇಳಿದ್ದೇನೆ. ಇನ್ನೊಂದು ಮೋಟರಿಗೆ ಎಷ್ಟು ಜೋರಿತ್ತೆಂದರೆ, ಸ್ವಿಚ್ ಹಾಕಿದ ಕೂಡಲೇ ನೀರಿನ ಬದಲು ಬಾವಿಯೇ ಮೇಲೆ ಬಂತು ಎಂದೂ ಹೇಳಿದ್ದೇನೆ. ಯಾರೂ ನಂಬಲಿಲ್ಲ. ನಾನು ಹೇಳುವುದು, ಅವರು ನಂಬದಿರುವುದು, ಇದು ನಮ್ಮೂರಿನ ಹಳೆಯ ಒಪ್ಪಂದ. ಆ ಒಪ್ಪಂದವನ್ನು ಮರಿಬಸಪ್ಪ ಮುರಿದ.

ಅಂಗಡಿಯ ಎದುರಿಗೆ ಗಾದಿಲಿಂಗಮ್ಮನ ಮನೆ. ಅವಳ ಮಗ ದುರುಗೇಶ ಕುರಿಗಳ ಹಿಂದೆ ತಿಂಗಳುಗಟ್ಟಲೆ ಊರೂರು ಅಲೆಯುತ್ತಾನೆ. ಸೊಸೆ ನಾಗಜ್ಯೋತಿ ಹೊಲದ ಕೆಲಸಕ್ಕೆ ಹೋಗುತ್ತಾಳೆ. ಮೊಮ್ಮಗಳು ಪಲ್ಲವಿಗೆ ಏಳು ವರ್ಷ, ಎರಡನೇ ಕ್ಲಾಸು. ಆ ಹುಡುಗಿ ಎಲ್ಲಿ ಬೇಕಾದರೂ ನಿದ್ದೆ ಮಾಡುತ್ತಿತ್ತು. ತಾಟಿನ ಮುಂದೆ ಕೂತು ಮುದ್ದೆ ಮುರಿಯುತ್ತಲೇ ಮಲಗುತ್ತಿತ್ತು. ಒಮ್ಮೆ ಕಣ್ಣಾಮುಚ್ಚಾಲೆಯಲ್ಲಿ ಬಣವೆಯ ಹಿಂದೆ ಅಡಗಿ ಅಲ್ಲೇ ನಿದ್ದೆ ಹೋಯಿತು. ಹುಡುಕುವವರು ಸಾಕಾಗಿ ಮನೆಗೆ ಹೋಗಿ ಉಂಡು ಬಂದ ಮೇಲೆ ಗೊರಕೆಯಿಂದ ಸಿಕ್ಕಿಬಿತ್ತು. ಆ ಗೊರಕೆಯೋ ಏಳೂವರೆ ಎಚ್‌ಪಿ. ಹುಡುಗಿಯ ದೇಹ ಅರ್ಧ ಎಚ್‌ಪಿ. ಬಾಯಿ ತೆರೆದು, ನೀರು ಕುಡಿದ ಕೋಳಿಯ ಹಾಗೆ ಕತ್ತು ಹಿಂದಕ್ಕೆ ಚಾಚಿ, ಹಣೆಯೆಲ್ಲ ಬೆವರಿಕೊಂಡು ಮಲಗುತ್ತಿತ್ತು. ನಡುನಡುವೆ ಗೊರಕೆ ಗಪ್ಪನೆ ನಿಲ್ಲುತ್ತಿತ್ತು. ಉಸಿರೂ ನಿಲ್ಲುತ್ತಿತ್ತು. ಆಮೇಲೆ ಕೆಸರಿನಿಂದ ಎಮ್ಮೆ ಕಾಲು ಕಿತ್ತ ಸದ್ದು ಮಾಡಿ ಮತ್ತೆ ಶುರುವಾಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಮರಿಬಸಪ್ಪ ಗಾದಿಲಿಂಗಮ್ಮನ ಕಟ್ಟೆಯ ಮೇಲೆ ಕೂತು ಒದ್ದಾಡುತ್ತಿದ್ದ. ಹೆಬ್ಬಟಂ ಕಡೆಯವನೊಬ್ಬ ಟಗರು ಕೊಡುತ್ತೇನೆ ಎಂದಿದ್ದ. ತರಬೇಕೋ ಬೇಡವೋ? ಆ ವಾರದ ಹೂವಿನ ಪ್ರಶ್ನೆ ಅವನು ಸೋಮವಾರವೇ ಚಪ್ಪಲಿ ಕೊಳ್ಳುವ ವಿಷಯಕ್ಕೆ ಖರ್ಚು ಮಾಡಿಬಿಟ್ಟಿದ್ದ. ಪಕ್ಕದಲ್ಲೇ ಪಲ್ಲವಿ ಮಲಗಿ ಮೋಟರು ಓಡಿಸುತ್ತಿದ್ದಳು. ಗಪ್ಪನೆ ನಿಂತಿತು.

ನಾನು ಬೀಡಿ ಪಕ್ಕಕ್ಕಿಟ್ಟೆ. "ಈಗ ಕೇಳು, ಮರಿಬಸಪ್ಪ."

"ಏನ್ ಕೇಳ್ಲಿ?"

"ಟಗರಿಂದು. ಕೂಸಿನ ಉಸಿರು ನಿಂತಾಗ ಕೇಳಬೇಕು. ಎಂಟು ಎಣಿಸೋದ್ರೊಳಗ ತಿರುಗಿ ಬಂದ್ರ ಹೂಂ. ಎಂಟು ದಾಟಿದ್ರ ಬ್ಯಾಡ. ನಮ್ಮ ತಾತನ ಕಾಲದಾಗ ಹಿಂಗೇ ಕೇಳ್ತಿದ್ರು."

ನನ್ನ ತಾತ ಏನನ್ನೂ ಹೀಗೆ ಕೇಳಿದವನಲ್ಲ. ಅವನು ಕಿವುಡ. ಆದರೆ ನಾನು ಹೇಳಿ ಮುಗಿಸುವಷ್ಟರಲ್ಲಿ ಗೊರಕೆ ಶುರುವಾಗಿ ಮತ್ತೆ ನಿಂತಿತ್ತು, ಮರಿಬಸಪ್ಪ ಕಣ್ಣು ಮುಚ್ಚಿ ಎಣಿಸತೊಡಗಿದ್ದ. ನಮ್ಮ ಕಡೆ ಕಾಳು ಅಳೆಯುವಾಗ ಮೊದಲಿನ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಅವನೂ ಹಾಗೇ ಎಣಿಸಿದ: "ಲಾಭ, ಎರಡು, ಮೂರು, ನಾಕು, ಐದು, ಆರು..."

ಆರಕ್ಕೆ ಎಮ್ಮೆ ಕಾಲು ಕಿತ್ತಿತು. ಮರಿಬಸಪ್ಪ ಹೋಗಿ ಟಗರು ತಂದ.

ಆ ಟಗರು ಕೆಟ್ಟದ್ದಾಗಿದ್ದರೆ ಎಲ್ಲ ಸರಿಹೋಗುತ್ತಿತ್ತು. ದುರದೃಷ್ಟ, ಅದು ಒಳ್ಳೆಯ ಟಗರು. ಎರಡು ಕಾಳಗ ಗೆದ್ದಿತು. ಮೂರನೆಯದರಲ್ಲಿ ಎದುರಿನ ಟಗರು ಇದರ ಮುಖ ನೋಡಿ ವಾಪಸು ಟೆಂಪೋ ಹತ್ತಿತು. ಇದು ನಾನು ಹೇಳುತ್ತಿರುವುದಲ್ಲ, ಮರಿಬಸಪ್ಪ ಹೇಳಿದ್ದು.

ತಿಂಗಳೊಳಗೆ ಗಾದಿಲಿಂಗಮ್ಮನ ಕಟ್ಟೆಯ ಮುಂದೆ ಜನ ನಿಲ್ಲತೊಡಗಿದರು. ಹೆಣ್ಣು ನೋಡಲು ಹೋಗಲೇ, ಗಂಡನ ಮನೆಗೆ ವಾಪಸು ಹೋಗಲೇ, ಮೇಷ್ಟ್ರ ಕೆಲಸಕ್ಕೆ ಡಿಎಸ್ಸಿ ಪರೀಕ್ಷೆ ಕಟ್ಟಲೇ. ಬಾಳೆಹಣ್ಣು ಬಂದವು, ತೆಂಗಿನಕಾಯಿ ಬಂದವು. ನಿನ್ನೆಯವರೆಗೂ "ಏ ಗಾದಿ" ಎನ್ನುತ್ತಿದ್ದವರು "ಅಮ್ಮಾರ" ಎಂದರು. ಅವಳು ಕೇಳಲು ಬಂದವರ ಎದುರಿಗೆ ಕೂತು, ಅವರ ಮುಖ ನೋಡುತ್ತ, ತಾನೇ ಗಟ್ಟಿಯಾಗಿ ಎಣಿಸುತ್ತಿದ್ದಳು. ಕೂಸು ಅವಳ ಬೆನ್ನ ಹಿಂದೆ ಮಲಗಿರುತ್ತಿತ್ತು. ಹುಡುಗರು ವಿಡಿಯೋ ಮಾಡಿ ಸ್ಟೇಟಸ್ ಇಟ್ಟರು. ಏಳಕ್ಕೂ ಎಂಟಕ್ಕೂ ನಡುವೆ ತಕರಾರು ಬಂದರೆ ವಿಡಿಯೋ ನನಗೆ ಕಳಿಸುತ್ತಿದ್ದರು, ಶಾಸ್ತ್ರ ಗೊತ್ತಿರುವವನು ನಾನೊಬ್ಬನೇ ಎಂದು. ನಾನೂ ಗಂಭೀರವಾಗಿ ನೋಡಿ ತೀರ್ಪು ಕೊಡುತ್ತಿದ್ದೆ. ನಾಚಿಕೆ ಆಗಲಿಲ್ಲವೇ ಎಂದು ಕೇಳಿದರೆ, ಆಗ ಆಗಲಿಲ್ಲ.

ಶಾಲೆಯ ಪದ್ಮಜಾ ಮೇಡಂ ನಂದವರಂ ಕಡೆಯವರು. ಮನೆಮಾತು ತೆಲುಗು, ನಮ್ಮವರ ಜೊತೆ ಎರಡನ್ನೂ ಕಲಸಿ ಮಾತಾಡುತ್ತಾರೆ. ಒಂದು ದಿನ ನಾಗಜ್ಯೋತಿಯನ್ನು ಕರೆಸಿದರು.

"ಅಮ್ಮಾ ನಾಗಜ್ಯೋತಿ, ಈ ಪಿಲ್ಲ ಕ್ಲಾಸ್‌ನಲ್ಲಿ ನಿದ್ರ ಪೋತಾಳೆ. ಎದ್ದರೆ ಪಕ್ಕದವರ ಜೊತೆ ಜಗಳ. ಹೋದ ವರ್ಷ ಬಂದಿದ್ದ ಅಕ್ಷರಗಳೆಲ್ಲ ಮರೆತುಹೋಗಿವೆ. ಮೈಯೂ ಹತ್ತಿಲ್ಲ. ಹಾಸಿಗೆ ಒದ್ದೆ ಮಾಡ್ತಾಳಾ?"

"ಬಿಟ್ಟಿದ್ಲು ಮೇಡಂ. ಮತ್ತ ಶುರು ಮಾಡ್ಯಾಳ."

"ಗುರಕ, ಅದೇ ಗೊರಕೆ, ವಸ್ತದಾ? ನಡುವೆ ಉಸಿರು ನಿಲ್ಲುತ್ತದಾ?"

"ನಿಲ್ತೈತಿ ಮೇಡಂ. ಎಂಟರೊಳಗ ಬಂದ್ರ ಹೂಂ, ದಾಟಿದ್ರ ಬ್ಯಾಡ."

ಪದ್ಮಜಾ ಮೇಡಂ ಅದನ್ನು ಎರಡು ಸಲ ಹೇಳಿಸಿದರಂತೆ. ಆಮೇಲೆ ಕುರ್ಚಿಯಿಂದ ಎದ್ದು, "ನಾಳೆನೇ ಆದೋನಿಗೆ ಹೋಗು. ಕಿವಿ ಮೂಗು ಗಂಟಲು ನೋಡೋ ಡಾಕ್ಟರ್ ಹತ್ತಿರ. ನನ್ನ ಅಕ್ಕನ ಮಗನಿಗೂ ಇದೇ ಆಗಿತ್ತು. ಇದು ದೇವರಲ್ಲ, ರೋಗಂ" ಎಂದರು.

ದುರುಗೇಶ ಕುರಿ ಹಿಂದೆ ಎಲ್ಲೋ ಇದ್ದ. ನಾಗಜ್ಯೋತಿ ನೇರ ನನ್ನ ಅಂಗಡಿಗೆ ಬಂದಳು.

"ಅಣ್ಣಾ, ಆದೋನಿಗೆ ನೀ ಬರಬೇಕು. ಆ ವಿಡಿಯೋ ಎಲ್ಲಾ ನಿನ್ನ ಫೋನ್‌ನಾಗ ಅದಾವ."

"ನನಗ ಕೆಲಸ ಐತಲ್ಲವ್ವಾ."

"ನನಗೂ ಇತ್ತು," ಎಂದಳು. ನಾನು ಶಟರ್ ಎಳೆದೆ.

ಆದೋನಿಯ ಡಾಕ್ಟರಮ್ಮ ಪಲ್ಲವಿಯ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರು, ಮೂಗಿನ ಹಿಂದಿನ ಎಕ್ಸ್‌ರೇ ತೆಗೆಸಿದರು. ಆಮೇಲೆ ವಿಡಿಯೋ ಇದೆಯಾ ಎಂದು ಕೇಳಿದರು. ನಾನು ಫೋನು ಕೊಟ್ಟೆ. ಅವರು ಮೊದಲನೆಯದು ನೋಡಿದರು, ಎರಡನೆಯದು ನೋಡಿದರು, ಬೆರಳಿನಿಂದ ಕೆಳಗೆ ಸರಿಸುತ್ತಲೇ ಹೋದರು.

"ಇದರಾಗ ನಲವತ್ತೊಂದು ಅದಾವ. ನಾನು ತಂದೆತಾಯಿಗಳಿಗೆ ಒಂದು ವಿಡಿಯೋ ತೊಗೊಂಡು ಬರ್ರಿ ಅಂತ ಕಾಲು ಹಿಡಿದ್ರೂ ತರಂಗಿಲ್ಲ. ವಿಡಿಯೋದ ಹಿಂದ ಎಣಿಸೋರು ಯಾರು?"

"ಊರೋರು ಮೇಡಂ," ಎಂದೆ.

"ಎಲ್ಲರೂ ಕೂಡಿ?"

"ಒಗ್ಗಟ್ಟು ಚಲೋ ಐತಿ ಮೇಡಂ ನಮ್ಮೂರಾಗ."

"ಒಂದರ ಬದಲಿ ಲಾಭ ಅಂತಾರಲ್ಲ. ಯಾರಿಗೆ ಲಾಭ?"

ನಾನು ಗೋಡೆಯ ಮೇಲಿನ ಕಿವಿಯ ಚಿತ್ರ ನೋಡಿದೆ. ಕಿವಿಯೊಳಗೆ ಬಸವನಹುಳುವಿನಂಥದ್ದೊಂದು ಇದೆ ಎಂದು ಅವತ್ತೇ ಗೊತ್ತಾದದ್ದು.

ಅವರು ನಾಗಜ್ಯೋತಿಯ ಕಡೆ ತಿರುಗಿ ಹೇಳಿದರು. ಇದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನೆಗಡಿಯಾದಾಗ ಎರಡು ದಿನ ಗೊರಕೆ ಹೊಡೆಯುವ ಮಕ್ಕಳಿಗೆಲ್ಲ ಇದು ಇರುವುದಿಲ್ಲ. ದಿನವೂ ಗೊರಕೆ, ನಡುವೆ ಉಸಿರು ಕಟ್ಟುವುದು, ಬೆವರು, ಹಾಸಿಗೆ ಒದ್ದೆ, ಹಗಲು ನಿದ್ದೆ ಇಲ್ಲವೇ ಹಗಲು ಸಿಡಿಮಿಡಿ, ಓದಿನಲ್ಲಿ ಹಿಂದೆ ಬೀಳುವುದು, ಇವೆಲ್ಲ ಕೂಡಿದರೆ ನೋಡಲೇಬೇಕು. ಗಂಟಲಿನ ಎರಡು ಕಡೆಯ ಟಾನ್ಸಿಲ್ ಊದಿ ಒಂದಕ್ಕೊಂದು ತಾಗಿವೆ, ಮೂಗಿನ ಹಿಂದೆ ಅಡಿನಾಯ್ಡ್ ಎಂಬ ಇನ್ನೊಂದು ಗಡ್ಡೆ ದಾರಿ ಮುಚ್ಚಿದೆ. ನಿದ್ದೆಯಲ್ಲಿ ಸ್ನಾಯು ಸಡಿಲವಾದಾಗ ಗಾಳಿಗೆ ದಾರಿಯೇ ಇಲ್ಲ. ಪ್ರತಿ ಸಲ ಉಸಿರು ಕಟ್ಟಿದಾಗ ಮೆದುಳು ಕೂಸನ್ನು ಅರ್ಧ ಎಬ್ಬಿಸುತ್ತದೆ, ಅದಕ್ಕೇ ಎಷ್ಟು ಹೊತ್ತು ಮಲಗಿದರೂ ನಿದ್ದೆ ಆಗಿರುವುದಿಲ್ಲ. ಬಿಟ್ಟರೆ ಹೃದಯದ ಮೇಲೆ ಭಾರ ಬೀಳುತ್ತದೆ.

ಅವತ್ತು ರಾತ್ರಿ ಅಲ್ಲೇ ಬೆರಳಿಗೆ ಕ್ಲಿಪ್ಪು, ಎದೆಗೆ ಪಟ್ಟಿ ಕಟ್ಟಿ ಮಲಗಿಸಿದರು. ಬೆಳಿಗ್ಗೆ ಕಾಗದ ಬಂತು. ಗಂಟೆಗೆ ಹದಿನೇಳು ಸಲ ಉಸಿರು ಕಟ್ಟಿತ್ತು. ಮಕ್ಕಳಲ್ಲಿ ಹತ್ತು ದಾಟಿದರೇ ಬಹಳ ಎಂದರು. ಮುಂದಿನ ವಾರ ಕರ್ನೂಲಿನಲ್ಲಿ ಆಪರೇಷನ್, ಮಂಗಳವಾರ ಹಾಜರಿರಬೇಕು.

ವಾಪಸು ಬರುವಾಗ ಆಟೋದಲ್ಲಿ ಪಲ್ಲವಿ ನನ್ನ ತೊಡೆಯ ಮೇಲೆ ಮಲಗಿದಳು. ಉಸಿರು ನಿಂತಿತು. ನಾನು ಎಣಿಸಬಾರದು ಎಂದುಕೊಂಡೆ, ಎಣಿಕೆ ಬಂದೇ ಬಂತು. ಹನ್ನೊಂದಕ್ಕೆ ಬಂತು ಉಸಿರು. ಮೂವತ್ತು ವರ್ಷದಿಂದ ಮೋಟರುಗಳ ಸದ್ದು ಕೇಳುತ್ತಿರುವವನು ನಾನು. ಪೈಪಿನ ಬುಡದ ಫುಟ್‌ವಾಲ್ವ್ ಕಟ್ಟಿ ನೀರು ಸಿಗದೆ ಒದ್ದಾಡುವ ಮೋಟರನ್ನು ರಸ್ತೆಯಲ್ಲಿ ಹೋಗುತ್ತಾ ಗುರುತಿಸುತ್ತೇನೆ. ಇದೂ ಅದೇ ಸದ್ದು. ನನ್ನ ಅಂಗಡಿಯ ಎದುರಿಗೇ ವರ್ಷದಿಂದ ಆಗುತ್ತಿತ್ತು.

ದುರುಗೇಶನಿಗೆ ಫೋನ್ ಮಾಡಿದರೆ, "ನಮ್ಮವ್ವ ಹೂಂ ಅಂದ್ರ ಹೂಂ" ಎಂದ. ಹಿಂದೆ ನೂರು ಕುರಿ ಅದನ್ನೇ ಅಂದವು.

ಅವ್ವ ಹೂಂ ಅನ್ನಲಿಲ್ಲ. "ಗಂಟಲಿಗೆ ಕತ್ತಿ ಹಾಕ್ಸಾಕ ನನ್ನ ಮೊಮ್ಮಗಳೇನು ಟಗರಾ?" ಎಂದಳು ಗಾದಿಲಿಂಗಮ್ಮ. "ದೇವರು ಕೊಟ್ಟ ಉಸಿರು. ಊರು ಉದ್ಧಾರ ಆಗಾಕತ್ತೈತಿ."

ಆದ್ದರಿಂದ ಶನಿವಾರ ಸಂಜೆ ನಾನು ನನ್ನ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದೆ. ಅಂಗಡಿಯ ಬೆಂಚಿನ ಮುಂದೆ, ಗಾದಿಲಿಂಗಮ್ಮ, ಮರಿಬಸಪ್ಪ ಮತ್ತು ಹತ್ತು ಹನ್ನೆರಡು ಜನರಿಗೆ ನಿಜ ಹೇಳಿದೆ.

"ಆ ಎಂಟರ ಲೆಕ್ಕ ನಾ ಕಟ್ಟಿದ್ದು. ಮರಿಬಸಪ್ಪನ ಕಾಲೆಳಿಯಾಕ. ನಮ್ಮ ತಾತ ಹಂಗೇನೂ ಹೇಳಿಲ್ಲ."

ಎಲ್ಲರೂ ನಕ್ಕರು. ಚೆನ್ನಾಗಿ ಹೇಳಿದೆ ಎಂದು ಒಬ್ಬ ಚಹಾ ತರಿಸಿದ.

"ನಿಜ ಹೇಳಾಕತ್ತೀನಿ."

"ಮಜ್ಜಿಗಿ ಎತ್ತಿದ ಮೋಟ್ರೂ ನಿಜಾನೇ ಅಂದಿದ್ದಿ," ಎಂದಳು ಗಾದಿಲಿಂಗಮ್ಮ.

"ಅದು ಸುಳ್ಳು ಯವ್ವಾ. ಇದು ನಿಜ. ಅಂದ್ರ ಅದು ಸುಳ್ಳು ಅನ್ನೋದು ನಿಜ, ಇದು ಸುಳ್ಳು ಅನ್ನೋದೂ ನಿಜ."

ಮರಿಬಸಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟ. "ಏಕಾಂತಪ್ಪಾ, ನೀ ಸುಳ್ಳಿರಬೋದು. ಟಗರು ಸುಳ್ಳಲ್ಲ."

ನಾನು ಫುಟ್‌ವಾಲ್ವಿನ ವಿಷಯ ಹೇಳಿದೆ. ಕೂಸಿನ ಗಂಟಲಿನಲ್ಲಿ ಫುಟ್‌ವಾಲ್ವ್ ಎಲ್ಲಿಂದ ಬಂತು, ಆದೋನಿಯಲ್ಲಿ ಹಾಕಿಸಿದಿರಾ ಎಂದು ಕೇಳಿದರು.

ಕೊನೆಗೆ ಗಾದಿಲಿಂಗಮ್ಮನೇ ದಾರಿ ತೋರಿಸಿದಳು. "ಊರಿಗೆಲ್ಲಾ ಆಕಿನ್ನೇ ಕೇಳ್ತೀವಿ. ಆಕಿ ಮಾತು ಆಕಿನ್ನ ಕೇಳಾಕೇನು? ನಾಳೆ ಮಧ್ಯಾಹ್ನ ಕೇಳ್ತೀನಿ. ಆಪರೇಷನ್ ಮಾಡಿಸಲ್ಯಾ ಬ್ಯಾಡ್ಯಾ. ಎಂಟರೊಳಗ ಬಂದ್ರ ಕರ್ನೂಲು."

ನಾಗಜ್ಯೋತಿಯ ಮುಖ ಬಿಳಚಿತು. ಆಪರೇಷನ್ ಬೇಕಿದ್ದದ್ದೇ ಉಸಿರು ಎಂಟರೊಳಗೆ ಬರುತ್ತಿರಲಿಲ್ಲ ಎಂದು. ಅದೂ ಅಲ್ಲದೆ ಎರಡು ದಿನದಿಂದ ಹುಡುಗಿಗೆ ನೆಗಡಿ. ಅವಳು ನನ್ನನ್ನು ಪಕ್ಕಕ್ಕೆ ಕರೆದಳು.

"ಅಣ್ಣಾ, ಎಂಟನ್ನ ಇಪ್ಪತ್ತು ಮಾಡು. ನಿನ್ನ ಶಾಸ್ತ್ರ ಅಲ್ಲೇನು."

ನಾನು ಮರಳಿ ಬಂದು, ಆಸ್ಪತ್ರೆಯ ಪ್ರಶ್ನೆಗೆ ಇಪ್ಪತ್ತರ ಲೆಕ್ಕ ಎಂದು ತಾತ ಹೇಳಿದ್ದ, ಮರೆತಿದ್ದೆ ಎಂದೆ. ಮರಿಬಸಪ್ಪ ಬೇಸರದಿಂದ ತಲೆಯಾಡಿಸಿದ. "ಶಾಸ್ತ್ರದಾಗ ಸುಳ್ಳು ಸೇರಿಸಬ್ಯಾಡಪಾ. ಇಷ್ಟು ದಿನ ಎಷ್ಟು ನಿಯತ್ತಾಗಿದ್ದಿ."

ಭಾನುವಾರ ಊಟವಾದ ಮೇಲೆ ಕಟ್ಟೆಯ ಮುಂದೆ ಅರ್ಧ ಊರು ಸೇರಿತ್ತು. ಪಲ್ಲವಿ ಎಂದಿನಂತೆ ಕತ್ತು ಚಾಚಿ ಮಲಗಿದ್ದಳು. ಗಾದಿಲಿಂಗಮ್ಮ ಜನರಿಗೆ ಮುಖ ಮಾಡಿ ಕೂರಲು ಹೋಗಿ ತಡೆದಳು. ಇವತ್ತು ಕೇಳುವವಳು ಅವಳೇ. ಕೇಳುವವರು ಕೂಸಿಗೆ ಎದುರಾಗಿ ಕೂರಬೇಕು. ಅದೂ ನಾನೇ ಕಟ್ಟಿದ ರೂಲ್ಸು. ಅವಳು ಮೊದಲ ಸಲ ಆ ಕಡೆ ತಿರುಗಿ ಕೂತಳು.

ಗೊರಕೆ ಏರಿತು, ಇಳಿಯಿತು, ನಿಂತಿತು.

"ಆಪರೇಷನ್ ಮಾಡಿಸಲ್ಯಾ?" ಎಂದು ಕೇಳಿ ಅವಳೇ ಶುರು ಮಾಡಿದಳು. "ಲಾಭ." ಜನ ಸೇರಿಕೊಂಡರು. "ಎರಡು. ಮೂರು. ನಾಕು."

ಐದು, ಆರು, ಏಳು. ನಾಗಜ್ಯೋತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಎಂಟು ಬಂತು. ಉಸಿರು ಬರಲಿಲ್ಲ. ಮರಿಬಸಪ್ಪ ಉಸ್ಸೆಂದ. ಉತ್ತರ ಸಿಕ್ಕಿತ್ತು: ಬೇಡ. ಆದರೆ ಉಸಿರು ಬರುವ ತನಕ ಎಣಿಕೆ ನಿಲ್ಲಿಸುವ ಪದ್ಧತಿ ಇರಲಿಲ್ಲ. ಒಂಬತ್ತು ಎಂದರು. ಹತ್ತು ಎಂದರು. ಹನ್ನೊಂದಕ್ಕೆ ಕೆಲವರ ದನಿ ಅಡಗಿತು. ಹನ್ನೆರಡು ಅಂದವಳು ಗಾದಿಲಿಂಗಮ್ಮ ಒಬ್ಬಳೇ.

ಅವಳು ಎದೆ ನೋಡುತ್ತಿದ್ದಳು. ಉಸಿರು ನಿಂತಿದೆ ಎಂದು ನಾವು ಹೇಳುತ್ತಿದ್ದೆವಲ್ಲ, ಒಳಗೆ ಏನೂ ನಿಂತಿರಲಿಲ್ಲ. ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಹೊಟ್ಟೆ ತಿದಿಯ ಹಾಗೆ ಏರಿಳಿಯುತ್ತಿತ್ತು. ಆ ಚಿಕ್ಕ ದೇಹ ಗಾಳಿಗಾಗಿ ಗುದ್ದಾಡುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ತುಟಿಯ ಅಂಚು ನೇರಳೆಗೆ ತಿರುಗಿತ್ತು.

"ಹದಿಮೂ..."

ಗಾದಿಲಿಂಗಮ್ಮ ಮುಗಿಸಲಿಲ್ಲ. ಎರಡೂ ಕೈ ಹಾಕಿ ಕೂಸನ್ನು ಎತ್ತಿ ಕೂಡಿಸಿ, ಅಲುಗಾಡಿಸಿ, ಬೆನ್ನಿಗೆ ಒಂದು ಬಿಟ್ಟಳು. ಎಮ್ಮೆ ಕಾಲು ಕಿತ್ತ ಸದ್ದಾಯಿತು. ಪಲ್ಲವಿ ಕಣ್ಣು ಬಿಟ್ಟು, ಹೊಡೆದದ್ದು ಯಾಕೆ ಎಂದು ಅಳತೊಡಗಿದಳು.

ಮುದುಕಿ ನಮ್ಮ ಕಡೆ ತಿರುಗಿದಳು. "ಸೂಳೇಮಕ್ಕಳ್ರ್ಯಾ. ಕೂಸು ಸಾಯಾಕತ್ತೈತಿ, ನಿಂತು ಎಣಸ್ತೀರಿ?"

ಇಷ್ಟು ದಿನ ಎಣಿಸಿದವಳು ಅವಳೇ ಎಂದು ನೆನಪಿಸುವ ಧೈರ್ಯ ಯಾರಿಗೂ ಬರಲಿಲ್ಲ. ಮರಿಬಸಪ್ಪ ಮಾತ್ರ ಮೆಲ್ಲಗೆ, "ಮತ್ತ ಉತ್ತರ ಏನಂತ ತಿಳ್ಕೊಬೇಕು, ಅಮ್ಮಾರ? ಎಂಟಂತೂ ದಾಟ್ತು..." ಎಂದ.

"ನಿನ್ನ ಎಂಟಕ್ಕ ಬೆಂಕಿ ಹಚ್ಚ. ನಾಗಜ್ಯೋತಿ, ಮಂಗಳವಾರ ಅಲ್ಲ, ಇವತ್ತ ನಡಿ. ಏ ಏಕಾಂತ, ಆಟೋ ತರಸು."

"ಇವತ್ತು ಭಾನುವಾರ ಯವ್ವಾ, ಮಂಗಳವಾರ ತನಕ ಡಾಕ್ಟ್ರು ಇರಂಗಿಲ್ಲ."

"ಇಲ್ಲಾಂದ್ರ ಗೇಟಿನ ಮುಂದ ಕುಂದರ್ತೀನಿ. ನೀ ಬಾಯಿ ಮುಚ್ಚು. ನಿನ್ನ ತಾತನ್ನ ಕಿವುಡ ಅಂತಿದ್ರು, ನೀ ಮೂಗ ಆಗಿದ್ರ ಚಲೋ ಇತ್ತು."

ಸೋಮವಾರ ಬೆಳಿಗ್ಗೆಯೇ ಹೊರಟಳು. ಅಲ್ಲಿಯ ತನಕ ಪಲ್ಲವಿಯನ್ನು ಒಂದು ಕಡೆಗೆ ಹೊರಳಿಸಿ, ತಲೆಯಡಿಗೆ ಕೌದಿ ಎತ್ತರಿಸಿ, ತಾನು ಪಕ್ಕದಲ್ಲಿ ಕೂತೇ ಇದ್ದಳು. ಕರ್ನೂಲಿನಲ್ಲಿ ಅರಿವಳಿಕೆ ಕೊಡುವ ಡಾಕ್ಟರಿಗೆ, ಕೇಳದಿದ್ದರೂ, ಗಂಟೆಗೆ ಹದಿನೇಳು ಎಂದು ಬೆರಳು ತೋರಿಸಿ ಹೇಳಿದಳಂತೆ. ಹೇಳಿದ್ದು ಒಳ್ಳೆಯದಾಯಿತು, ಇಂಥ ಮಕ್ಕಳನ್ನು ಆಪರೇಷನ್ ಆದ ರಾತ್ರಿ ಹೆಚ್ಚು ನಿಗಾ ಇಟ್ಟು ನೋಡಬೇಕಾಗುತ್ತದೆ ಎಂದು ಅವರೂ ಹೇಳಿದರಂತೆ. ಒಂದು ಗಂಟೆಯ ಕೆಲಸ. ಟಾನ್ಸಿಲ್, ಅಡಿನಾಯ್ಡ್ ಎರಡೂ ತೆಗೆದರು. ವಾರ ಪೂರ್ತಿ ಗಂಟಲು ನೋವು, ತಣ್ಣನೆಯ ಗಂಜಿ, ಮೂರು ಹೊತ್ತು ಐಸ್‌ಕ್ರೀಮ್. ಐಸ್‌ಕ್ರೀಮಿನ ವಿಷಯ ತಿಳಿದು ಊರಿನ ಇನ್ನು ನಾಲ್ಕು ಮಕ್ಕಳು ಗೊರಕೆ ಹೊಡೆಯಲು ಶುರು ಮಾಡಿದವು, ಎಚ್ಚರವಿದ್ದಾಗಲೇ.

ಎಲ್ಲರಿಗೂ ಇಷ್ಟಕ್ಕೇ ಮುಗಿಯುವುದಿಲ್ಲ, ಕೆಲವರಿಗೆ ಗೊರಕೆ ಉಳಿಯುತ್ತದೆ, ಎರಡು ತಿಂಗಳಿಗೆ ಮತ್ತೆ ತೋರಿಸಿ ಎಂದು ಡಾಕ್ಟರು ಹೇಳಿದ್ದರು. ಮತ್ತೆ ಕ್ಲಿಪ್ಪು ಹಾಕಿ ನೋಡಿದರು. ಹದಿನೇಳು ಇದ್ದದ್ದು ಒಂದಕ್ಕೂ ಕಡಿಮೆಯಾಗಿತ್ತು. ಹಾಸಿಗೆ ಒಣಗಿತು. ಅಕ್ಷರಗಳು ಒಂದೊಂದಾಗಿ ವಾಪಸು ಬಂದವು. ಕ್ಲಾಸಿನಲ್ಲಿ ಈಗ ನಿದ್ದೆ ಮಾಡುವುದಿಲ್ಲ, ಬಾಯಿ ಮುಚ್ಚುವುದೂ ಇಲ್ಲ, ಒಂದೇ ಸಮ ಮಾತಾಡುತ್ತಾಳೆ ಎಂದು ಪದ್ಮಜಾ ಮೇಡಂ ದೂರು ಹೇಳಿದರು. ಗಾದಿಲಿಂಗಮ್ಮ ಆ ದೂರನ್ನು ಊರೆಲ್ಲ ಹಂಚಿ ಬಂದಳು.

ಮೊನ್ನೆ ಭಾನುವಾರ ಮಧ್ಯಾಹ್ನ ಪಲ್ಲವಿ ಅಪರೂಪಕ್ಕೆ ಕಟ್ಟೆಯ ಮೇಲೆ ಮಲಗಿದ್ದಳು. ಬಾಯಿ ಮುಚ್ಚಿತ್ತು. ಸದ್ದಿಲ್ಲ. ಮರಿಬಸಪ್ಪ ಬಂದು ಕೈಕಟ್ಟಿ ನಿಂತ. ಹತ್ತು ನಿಮಿಷ ನಿಂತ.

"ಏನ್ ನೋಡ್ತಿ?" ಎಂದಳು ಗಾದಿಲಿಂಗಮ್ಮ, ಕೈಯಲ್ಲಿದ್ದ ಕಸ ಗುಡಿಸುವ ಬರಲನ್ನು ತಿರುಗಿಸಿ ಹಿಡಿದು.

"ನಿಂದ್ರತೈತೇನೋ ಅಂತ."

"ನಿಂದ್ರಂಗಿಲ್ಲ."

"ಆ ಟಗರಿಗೆ ಆಲೂರಿನೋರು ಬಂದಾರ. ಕೊಡಲ್ಯಾ ಬ್ಯಾಡ್ಯಾ?"

"ಟಗರು ಯಾರದು?"

"ನಂದು."

"ಹಂಗಾರ ನೀನೇ ಹೇಳು."

ಮರಿಬಸಪ್ಪ ನನ್ನ ಕಡೆ ನೋಡಿದ. ನಾನು ಮೋಟರಿನೊಳಗೆ ತಲೆ ಹಾಕಿದೆ. ಅವನು ಬುಲೆಟ್ಟು ಹತ್ತಿ, ಎಡಕ್ಕೆ ಹೋಗಿ, ತಿರುಗಿಸಿಕೊಂಡು ಬಲಕ್ಕೆ ಹೋದ.